ಒಂದು ರಾಗ ಪೂರ್ತಿ

ರಾಜರತ್ನಳಿಗೆ ಶಾಲು ಕಂಡರೆ ಆಗುತ್ತಿರಲಿಲ್ಲ. ಚಳಿಗೆ ಹೊದೆಯುವ ಶಾಲಲ್ಲ, ಸನ್ಮಾನದ ಶಾಲು. ನರಗುಂದದಲ್ಲಿ ಅವಳ ಮೊಟ್ಟಮೊದಲ ಸೋಲೋ ಕಾರ್ಯಕ್ರಮ ಹಾಳಾಗಿದ್ದು ಅದರಿಂದಲೇ. ನಿಧಾನ ಲಯದ ವಿಲಂಬಿತ ಗತ್ ಆಗಷ್ಟೇ ಕುದುರಿಕೊಂಡು, ಕೈ ಹಗುರಾಗಿ, ಇನ್ನೇನು ರಾಗ ಬಾಗಿಲು ತೆರೆಯಿತು ಅನ್ನುವಾಗ ಸಂಘದ ಅಧ್ಯಕ್ಷರು ಊರಿನ ಬಸ್ಸಿಗೆ ಹೊತ್ತಾಯಿತೆಂದು ವೇದಿಕೆ ಹತ್ತಿ ಬಂದು, ವಾಯೋಲಿನ್ ಬಾರಿಸುತ್ತಿದ್ದವಳ ಹೆಗಲ ಮೇಲೆಯೇ ಶಾಲು ಹೊದಿಸಿಬಿಟ್ಟರು. ಕಮಾನಿನ ತುದಿ ಶಾಲಿನ ಗೊಂಡೆಗೆ ಸಿಕ್ಕಿಕೊಂಡಿತು. ಜನ ಚಪ್ಪಾಳೆ ಹೊಡೆದರು. "ಇತ್ತಾಗ ನೋಡ್ರಿ ಅಕ್ಕಾರ" ಎಂದ ಫೋಟೋದವನು. ಅವಳು ನೋಡಿದಳು. ಆ ಫೋಟೋ ಈಗಲೂ ಗಜೇಂದ್ರಗಡದ ಮನೆಯಲ್ಲಿ ಮಗ್ಗದ ಎದುರಿನ ಗೋಡೆಗೆ ತೂಗುತ್ತಿದೆ. ಅದರಲ್ಲಿ ಅವಳ ಮುಖ ಯಾರನ್ನೋ ಕಚ್ಚಲು ಹೊರಟಂತಿದೆ. ಅವ್ವ ವೀರವ್ವ ಮಾತ್ರ ಸೀರೆ ಕೊಳ್ಳಲು ಬಂದವರಿಗೆಲ್ಲ ಅದನ್ನು ತೋರಿಸಿ, "ನಮ್ಮ ರಾಜಿ ಭಾಳ ಗಂಭೀರ ಅದಾಳ್ರಿ" ಎನ್ನುತ್ತಾಳೆ.

ನರೇಗಲ್ಲಿನ ಶಾಲೆಯೊಂದರಲ್ಲಿ ಶಾಲು ಇರಲಿಲ್ಲ, ಮುಖ್ಯ ಅತಿಥಿ ಇದ್ದರು. ಅಂದರೆ ಇರಲಿಲ್ಲ, ಬರುವವರಿದ್ದರು. ಅವರು ಬರುವ ತನಕ ಮಕ್ಕಳು ಗದ್ದಲ ಮಾಡಬಾರದೆಂದು ಅವಳನ್ನು ಕೂರಿಸಿದ್ದರು. ಅತಿಥಿಗಳ ಕಾರು ಗೇಟಿನೊಳಗೆ ಬಂದದ್ದೇ ತಡ, ನಿರೂಪಣೆ ಮಾಡುತ್ತಿದ್ದ ಹುಡುಗಿ ಸಾಕು ಸಾಕು ಎಂದು ಕೈಯಾಡಿಸಿದಳು, ಅಂಗಳಕ್ಕೆ ಬಂದ ಕೋಳಿ ಓಡಿಸುವ ಹಾಗೆ. ಇನ್ನೊಂದು ಊರಲ್ಲಿ ಆಲಾಪದ ನಡುವೆ ಯಾರದೋ ಬೈಕು ಅಡ್ಡ ನಿಂತಿದೆ, ತೆಗೆಯಿರಿ ಎಂದು ನಂಬರು ಸಮೇತ ಮೈಕಿನಲ್ಲಿ ಕೂಗಿದರು. ಬೈಕಿನ ಯಜಮಾನ ಎದ್ದ, ಅವನ ಜೊತೆ ಅವನ ಸಾಲೂ ಎದ್ದಿತು, ಮತ್ತೆ ಕೂಡಲಿಲ್ಲ.

ಇಷ್ಟೇ ಆಗಿತ್ತು ಅವಳ ಸೋಲೋ ಜೀವನ. ಹಾಗಂತ ಅವಳು ಬೇಡದವಳೇನಲ್ಲ. ರೋಣ, ನರಗುಂದ, ಗಜೇಂದ್ರಗಡ, ಈ ಮೂರೂ ಊರುಗಳಲ್ಲಿ ಯಾರೇ ಹಾಡಲಿ, ಪಕ್ಕದಲ್ಲಿ ಸಾಥ್ ಮಾಡಲು ರಾಜರತ್ನಳೇ ಬೇಕು. ಹಾಡುವವರ ಹಿಂದೆ ಹಿಂದೆ ನೆರಳಿನಂತೆ ಹೋಗಬೇಕು, ಅವರು ಉಸಿರು ತೆಗೆದುಕೊಂಡಾಗ ಆ ಸಂದಿಯಲ್ಲಿ ನಾಲ್ಕು ಸ್ವರ ತುಂಬಬೇಕು, ಅವರು ತಪ್ಪಿದರೆ ಮುಚ್ಚಬೇಕು. ಕಾಲೇಜು ಮುಗಿಯುವ ಮೊದಲೇ ಈ ಕೆಲಸದಲ್ಲಿ ಅವಳು ಪಳಗಿಬಿಟ್ಟಿದ್ದಳು. ಪಳಗಿದ್ದೇ ತಪ್ಪಾಯಿತೇನೋ ಎಂದು ಈಗ ಅವಳಿಗೆ ಅನ್ನಿಸುತ್ತಿತ್ತು. ಅವಳಿಗೆ ಬೇಕಿದ್ದದ್ದು ಹೆಸರಲ್ಲ, ಹಾರವಲ್ಲ. ಒಂದೇ ಒಂದು ರಾಗವನ್ನು, ಆಲಾಪದ ಮೊದಲ ಸ್ವರದಿಂದ ರಭಸದ ಝಾಲಾದ ಕೊನೆಯ ಪೆಟ್ಟಿನ ತನಕ, ಜನರ ಮುಂದೆ, ತಾನೊಬ್ಬಳೇ ಬಾರಿಸಿ ಮುಗಿಸಬೇಕು. ಜನ ಅದನ್ನು ಕೇಳಬೇಕು. ಇದೇನು ಆಕಾಶದಲ್ಲಿನ ಚಂದ್ರ ಕೇಳಿದಂತಾಯಿತೇ?

ಅವಳ ಗುರುಗಳಾದ ಗುರುಪಾದ ಮಾಸ್ತರರ ಪ್ರಕಾರ ಹೌದು. ನರೇಗಲ್ಲಿನವರು, ಜೀವನವಿಡೀ ದೊಡ್ಡ ದೊಡ್ಡ ಗಾಯಕರಿಗೆ ಸಾಥ್ ಮಾಡಿದವರು, ಮಂಡಿ ನೋವಿನಿಂದ ಈಗ ಮನೆಯಲ್ಲೇ ಪಾಠ ಹೇಳುತ್ತಿದ್ದವರು. ಅವರ ಫೋನು ಬಂದಾಗ ಅವಳು ಕೆಲಸ ಮಾಡುವ ಶಾಲೆಯಲ್ಲಿ ಮಕ್ಕಳಿಗೆ ಪ್ರಾರ್ಥನೆ ಕಲಿಸುತ್ತಿದ್ದಳು.

"ರಾಜಿ, ಐತವಾರ ಗದಗಿನ್ಯಾಗ ಶ್ರೀಧರನ ಗಾಯನ ಐತಿ. ನೀ ಸಾಥ್ ಮಾಡಬೇಕು. ನಾ ಹೂಂ ಅಂದಬಿಟ್ಟೇನಿ."

ಶ್ರೀಧರ ಅವಳ ಜೊತೆಗೇ ಕಲಿತವನು, ಗಾಯಕ. ಗಾಯಕನಾದ್ದರಿಂದ ಅವನ ಕಾರ್ಯಕ್ರಮದಲ್ಲಿ ಯಾರ ಬೈಕೂ ಅಡ್ಡ ಬರುತ್ತಿರಲಿಲ್ಲ.

"ಐತವಾರ ರೋಣದಾಗ ನಂದ ಪ್ರೋಗ್ರಾಂ ಐತ್ರಿ ಗುರುಗಳ. ಸೋಲೋ ಐತ್ರಿ."

ಆ ಕಡೆಯಿಂದ ಒಂದು ಸಣ್ಣ ನಗು. "ಸೋಲೋ ಅಂದ್ರೇನವ್ವಾ? ಹಾಡವ್ರಿಲ್ಲದ ಕಚೇರಿ. ಮದುಮಗ ಇಲ್ಲದ ಮದುವಿ ಮಾಡಿದಂಗ."

"ಮದುಮಗಳಾರ ಇರ್ತಾಳಲ್ರಿ."

"ಬಾಯಿ ಭಾಳ ಆತು ನಿಂದು. ನಾ ಜನ್ಮಪೂರ್ತಿ ಸಾಥ್ ಮಾಡೇನಿ. ನನಗೇನ ಕಡಿಮಿ ಆಗೇತಿ?"

ಏನು ಕಡಿಮೆಯಾಗಿದೆ ಎಂಬುದು ಅವಳಿಗೆ ಗೊತ್ತಿತ್ತು. ಅವರಷ್ಟು ಸಿಹಿಯಾದ ಕೈ ಈ ಸೀಮೆಯಲ್ಲೇ ಇನ್ನೊಬ್ಬರಿಗೆ ಇಲ್ಲ, ಆದರೆ ಅವರು ಒಬ್ಬರೇ ಬಾರಿಸಿದ್ದನ್ನು ಅವರ ಹೆಂಡತಿಯನ್ನು ಬಿಟ್ಟರೆ ಯಾರೂ ಕೇಳಿಲ್ಲ. ಅದನ್ನು ಹೇಳುವುದು ಹೇಗೆ?

"ಈ ಸಲ ಆಗೂದಿಲ್ರಿ ಗುರುಗಳ. ತಪ್ಪ ತಿಳಿಬ್ಯಾಡ್ರಿ."

"ಆತು ಬಿಡು. ನಾನ ಹೋಗ್ತೀನಿ," ಎಂದು ಅವರು ಫೋನಿಟ್ಟರು. ಆ ಮಂಡಿ ಇಟ್ಟುಕೊಂಡು ಬಸ್ಸು ಹತ್ತಿ ಇಳಿದು ಗದಗಿಗೆ ಹೋಗುವ ಮುದುಕರನ್ನು ನೆನೆದು ಅವಳಿಗೆ ಮೊದಲು ಪಾಪ ಅನ್ನಿಸಿತು. ಆಮೇಲೆ ಸಿಟ್ಟು ಬಂತು. ಬೈದಿದ್ದರೆ ಚೆನ್ನಾಗಿತ್ತು. ಬೈಯದೆ ತಪ್ಪಿತಸ್ಥಳನ್ನಾಗಿ ಮಾಡುವ ಈ ವಿದ್ಯೆಯನ್ನು ಹಿರಿಯರು ಎಲ್ಲಿ ಕಲಿಯುತ್ತಾರೋ.

ರೋಣದ ಕಾರ್ಯಕ್ರಮ ಇಟ್ಟುಕೊಂಡಿದ್ದವನು ಉಡಚಪ್ಪ. ಕಾಳಿನ ವ್ಯಾಪಾರಿ, ಸಂಗೀತದ ಹುಚ್ಚ. ಸಮುದಾಯ ಭವನದಲ್ಲಿ ತಿಂಗಳಿಗೊಮ್ಮೆ ಯಾರನ್ನಾದರೂ ಕರೆಸಿ ಹಾಡಿಸಿ, ಬಂದವರಿಗೆಲ್ಲ ಊಟ ಹಾಕಿಸುವುದು ಅವನ ಖುಷಿ. ವಾಯೋಲಿನ್ನನ್ನು ಒಂಟಿಯಾಗಿ ಕೇಳುವ ಆಸೆ ಅವನಿಗೂ ಇತ್ತು. ಈ ಸಲ ರಾಜರತ್ನ ಪೆಟ್ಟು ತಿಂದು ಜಾಣೆಯಾಗಿದ್ದಳು. ತಬಲಾ ಬಾರಿಸುವ ದ್ಯಾಮೇಶನನ್ನು ಕರೆದುಕೊಂಡು ಅಂಗಡಿಗೇ ಹೋಗಿ ಕರಾರು ಮಾಡಿಕೊಂಡಳು. ದ್ಯಾಮೇಶ ಮೆಣಸಗಿಯವನು, ರೋಣದ ಮೊಬೈಲು ಅಂಗಡಿಯಲ್ಲಿ ಕೆಲಸಕ್ಕಿದ್ದ. ಗೆಳೆಯನಾದರೂ ಇಂಥ ಹೊತ್ತಿನಲ್ಲಿ ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಕಡಲೆಕಾಳು ಬಾಯಿಗೆ ಹಾಕಿಕೊಳ್ಳುತ್ತ ನಿಂತುಬಿಡುವವನು.

"ಅಣ್ಣಾರ, ನಾ ಬಾರಸಾಕ ಕುಂತ ಮ್ಯಾಲ ಯಾರೂ ಸ್ಟೇಜ್ ಹತ್ತಬಾರದ್ರಿ," ಎಂದಳು. "ಶಾಲು, ಹಾರ, ಏನಿದ್ರೂ ಎಲ್ಲಾ ಮುಗದ ಮ್ಯಾಲ. ಮೈಕಿನ್ಯಾಗ ಒಂದ ಮಾತೂ ಬ್ಯಾಡ್ರಿ. ನಡುವನೂ ಬ್ಯಾಡ, ಮೊದಲೂ ಬ್ಯಾಡ."

"ಸ್ವಾಗತನೂ ಬ್ಯಾಡೇನವ್ವಾ?"

"ಬ್ಯಾಡ್ರಿ. ಸ್ವಾಗತ ಅಂತ ಸುರು ಮಾಡಿದ್ರ ನೀವು ಅರ್ಧ ತಾಸು ಬಿಡಾಂಗಿಲ್ರಿ."

ಉಡಚಪ್ಪನ ಮುಖ ಸಣ್ಣದಾಯಿತು. ಸ್ವಾಗತ ಭಾಷಣ ಅವನ ಜೀವ. ಆದರೂ ದೊಡ್ಡ ಮನುಷ್ಯ, ನಕ್ಕ. "ಆತು ನಡಿ. ನೀ ಮುಗಿಸೋತನ ನಾ ಮೈಕ್ ಮುಟ್ಟಾಂಗಿಲ್ಲ. ಯಾರಿಗೂ ಪಿಟ್ ಅನ್ನಾಕ ಬಿಡಾಂಗಿಲ್ಲ. ಸಾಕಲ್ಲ?"

ಸಾಕು ಎಂದಳು. ಹೊರಗೆ ಬಂದ ಮೇಲೆ ದ್ಯಾಮೇಶ, "ಪಾಪ, ಒಂದ ಎರಡ ಮಾತು ಆಡಾಕರ ಬಿಡಬೇಕಿತ್ತು" ಎಂದ. "ನಿನಗೇನ ಗೊತ್ತು ಸುಮ್ಮನಿರು" ಎಂದು ಅವನ ಬಾಯಿ ಮುಚ್ಚಿಸಿದಳು.

ಐತವಾರ ಅವಳಿಗಿಂತ ಮೊದಲೇ ಎದ್ದು ಸಡಗರಪಟ್ಟವನು ಅಪ್ಪ ಮುದಿಯಪ್ಪ. ನೇಕಾರ ಮನುಷ್ಯ. ಮಗಳು ಹಿಂದಿನ ಕೋಣೆಯಲ್ಲಿ ರಿಯಾಜು ಮಾಡುವಾಗ ಮುಂದಿನ ಕೋಣೆಯಲ್ಲಿ ಅವನ ಮಗ್ಗ ಖಟಪಟ ಎನ್ನುತ್ತಲೇ ಇರುತ್ತಿತ್ತು. ಮನೆಯಲ್ಲಿ ಕೇಳಿದ್ದೇ ಹೆಚ್ಚಾಯಿತು ಅಂತಲೋ, ಸೀರೆ ಮುಗಿಸಿ ಕೊಡುವ ಅವಸರಕ್ಕೋ, ಅವನು ಒಂದು ಕಾರ್ಯಕ್ರಮಕ್ಕೂ ಬಂದವನಲ್ಲ. ಈ ಸಲ ತಾನಾಗಿಯೇ ಮಗ್ಗದಿಂದೆದ್ದು, ಇಸ್ತ್ರಿ ಮಾಡಿದ ಧೋತರ ಉಟ್ಟು, ಟೋಪಿಗೆ ಎರಡು ಸಲ ತಟ್ಟಿ ತಲೆಗಿಟ್ಟುಕೊಂಡ. "ಮಗ್ಗದ ಸಪ್ಪಳದಾಗ ನಿಂದು ಅರ್ಧಮರ್ಧ ಕೇಳೇನವ್ವಾ. ಇವತ್ತ ಒಮ್ಮೆ ಪೂರಾ ಕೇಳ್ತೀನಿ," ಎಂದ. ಬಸ್ಸಿನಲ್ಲಿ ಅವನು ಪಕ್ಕದವರಿಗೆಲ್ಲ ಮಗಳ ಪ್ರೋಗ್ರಾಂ ಎಂದು ಹೇಳುತ್ತ ಬರುವಾಗ ವಾಯೋಲಿನ್ ಪೆಟ್ಟಿಗೆಯನ್ನು ಅವಳು ತೊಡೆಯ ಮೇಲೆ ಬಿಗಿಯಾಗಿ ಹಿಡಿದುಕೊಂಡಿದ್ದಳು.

ಸಮುದಾಯ ಭವನದ ಬಾಗಿಲಲ್ಲಿ ಕರಿಹಲಗೆ ನಿಲ್ಲಿಸಿದ್ದರು. ಸಂಗೀತ ಸೇವೆ, ವಾಯೋಲಿನ್ ರಾಜರತ್ನ, ತಬಲಾ ದ್ಯಾಮೇಶ ಎಂದು ಹಲಗೆಯ ಕೆಳಗಿನ ಅರ್ಧದಲ್ಲಿ, ಪ್ರತಿ ಸಲ ಬರೆಯುವಲ್ಲೇ, ಸೀಮೆಸುಣ್ಣದಿಂದ ಬರೆದಿತ್ತು. ಒಳಗೆ ಜನ ಆಗಲೇ ತುಂಬಿದ್ದರು, ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ಹಿಂದಿನಿಂದ ಗೋಧಿ ಹುಗ್ಗಿಯ ವಾಸನೆ ಬರುತ್ತಿತ್ತು. ವೇದಿಕೆಯ ಮೇಲೆ ಎಲ್ಲ ಅಣಿಯಾಗಿತ್ತು. ದ್ಯಾಮೇಶ ತನ್ನ ಜಾಗದಲ್ಲಿ ಕೂತು ತಬಲಾದ ಅಂಚಿಗೆ ಸುತ್ತಿಗೆಯಿಂದ ತಟ್ಟತೊಡಗಿದ. ರಾಜರತ್ನ ಅಲ್ಲಿದ್ದ ದೇವರ ಫೋಟೋಕ್ಕೆ ಕೈಮುಗಿದು, ಪ್ರತಿ ಸಲ ಎಲ್ಲಿ ಕೂಡುತ್ತಿದ್ದಳೋ ಅಲ್ಲೇ ಕೂತು, ಮೊಬೈಲಿನಲ್ಲಿ ತಂಬೂರಿ ಹಚ್ಚಿ, ತಂತಿಗಳನ್ನು ತನಗೆ ಬೇಕಾದ ಶ್ರುತಿಗೆ ಕೂಡಿಸಿದಳು. ಯಾವ ಗಾಯಕರ ಗಂಟಲಿಗಾಗಿಯೂ ತಂತಿ ಏರಿಸುವ ಇಳಿಸುವ ರಗಳೆ ಇರಲಿಲ್ಲ. ಅದೊಂದೇ ಅವಳಿಗೆ ದೊಡ್ಡ ಸುಖವೆನಿಸಿತು.

ಪಡುವಣ ಕಿಟಕಿಯಿಂದ ಇಳಿಬಿಸಿಲು ಬರುತ್ತಿತ್ತು. ಪೂರಿಯಾ ಧನಾಶ್ರೀ ರಾಗದ ಹೊತ್ತು ಅದು, ಹಗಲು ಮುಗಿದು ಸಂಜೆ ಇನ್ನೂ ಗಟ್ಟಿಯಾಗದ ಹೊತ್ತು. ಕಣ್ಣು ಮುಚ್ಚಿ ಕಮಾನು ಎಳೆದಳು.

ಮೊದಮೊದಲು ಹೆದರಿಕೆಯಿತ್ತು. ಯಾವ ಗಳಿಗೆಯಲ್ಲಿ ಯಾರು ಕೆಮ್ಮುತ್ತ ಮೈಕಿಗೆ ಬರುತ್ತಾರೋ ಎಂದು ಕಿವಿಯೆಲ್ಲ ಹಿಂದೆಯೇ ಇತ್ತು. ಯಾರೂ ಬರಲಿಲ್ಲ. ಕೋಮಲ ರಿಷಭದ ಮೇಲೆ ನಿಂತಳು, ಸಾಕೆನ್ನಿಸುವ ತನಕ ನಿಂತಳು, ಯಾರೂ ಅವಳನ್ನು ಅಲ್ಲಿಂದ ಎಬ್ಬಿಸಲಿಲ್ಲ. ಉಡಚಪ್ಪ ಮಾತಿಗೆ ತಪ್ಪದವನು. ಸಾಲುಗಳ ನಡುವೆ ತುದಿಗಾಲಲ್ಲಿ ಓಡಾಡುತ್ತ, ಪಿಸುಮಾತಾಡಿದವರ ಮುಂದೆ ತುಟಿಗೆ ಬೆರಳಿಟ್ಟು, "ಸುಮ್ಮನ ಕುಂಡ್ರಿ, ಯಾರೂ ಏಳಬ್ಯಾಡ್ರಿ" ಎನ್ನುತ್ತಿದ್ದುದು ಒಮ್ಮೆ ಅವಳ ಕಿವಿಗೂ ಬಿತ್ತು. ಆಮೇಲೆ ಅವನು ಹುಗ್ಗಿ ತಳ ಹತ್ತೀತೆಂದು ಅಡುಗೆಯವರ ಕಡೆ ಹೋದ.

ವಿಲಂಬಿತ ಸುರುವಾಯಿತು. ನರಗುಂದದಲ್ಲಿ ಶಾಲು ಬಿದ್ದ ಜಾಗ ಹತ್ತಿರ ಬಂದಂತೆ ಅವಳ ಹೆಗಲು ತನ್ನಷ್ಟಕ್ಕೆ ಮುದುಡಿತು. ಏನೂ ಬೀಳಲಿಲ್ಲ. ಆ ಜಾಗ ದಾಟಿದ ಮೇಲೆ ಅವಳಿಗೆ ಗೊತ್ತಿಲ್ಲದ ಸೀಮೆ. ಜನರ ಮುಂದೆ ಇಲ್ಲಿ ತನಕ ಅವಳು ಬಂದೇ ಇರಲಿಲ್ಲ. ಮನೆಯಲ್ಲಿ ಎಷ್ಟೋ ಸಲ ನಡೆದ ದಾರಿಯಾದರೂ ಇಲ್ಲಿ ಬೇರೆಯಾಗಿತ್ತು, ತೀವ್ರ ಮಧ್ಯಮದಿಂದ ಪಂಚಮಕ್ಕೆ ಬಂದು ನಿಂತಾಗಲೆಲ್ಲ ಎದೆ ತುಂಬಿ ಬಂತು. ವೇಗದ ದ್ರುತ್ ಲಯಕ್ಕೆ ಬಂದಾಗ ದ್ಯಾಮೇಶ ಹುರುಪಿಗೆ ಬಿದ್ದು ಬಾಯಲ್ಲೇ ತಬಲಾದ ಬೋಲ್ ಹೇಳುತ್ತಿದ್ದ. ಝಾಲಾದಲ್ಲಿ ಕಮಾನು ಅವಳ ಕೈ ಮೀರಿ ಓಡಿತು, ಅವಳು ಬಿಟ್ಟುಕೊಟ್ಟಳು. ಮೂರು ಸಲ ಮರಳಿಸುವ ಕೊನೆಯ ತಿಹಾಯಿಯನ್ನು ಇಬ್ಬರೂ ಒಟ್ಟಿಗೆ ತಂದು ತಾಳದ ಮೊದಲ ಪೆಟ್ಟಿಗೆ, ಸಮ್ಮಿಗೆ, ಇಟ್ಟರು. ಮುಗಿಯಿತು. ಪೂರ್ತಿ ಮುಗಿಯಿತು.

ಅವಳು ಕಣ್ಣು ಬಿಡಲಿಲ್ಲ. ಚಪ್ಪಾಳೆ ಬರಲಿ, ಆಮೇಲೆ ಬಿಟ್ಟರಾಯಿತು ಎಂದುಕೊಂಡಳು.

ಬರಲಿಲ್ಲ. ಫ್ಯಾನು ತಿರುಗುವ ಸದ್ದು. ಒಂದು ಮಗು ಕುಸುಕುಸು ಅಂದಿತು. ಕಣ್ಣು ಬಿಟ್ಟು ನೋಡಿದರೆ ಜನವೆಲ್ಲ ಇದ್ದಲ್ಲೇ ಇದ್ದಾರೆ, ಶಿಸ್ತಾಗಿ, ಕೈಕಟ್ಟಿಕೊಂಡು. ಅರ್ಧ ಜನ ಅವಳನ್ನು ನೋಡುತ್ತಿದ್ದರು, ಅರ್ಧ ಜನ ಬಾಗಿಲು ನೋಡುತ್ತಿದ್ದರು.

ಮೊದಲ ಸಾಲಿನಲ್ಲಿ ಗಾಳೆವ್ವ ಎಂಬ ಅಜ್ಜಿ ಕೂತಿದ್ದಳು. ಒಂದು ಸಂಗೀತ ಸೇವೆಯನ್ನೂ ತಪ್ಪಿಸಿದವಳಲ್ಲ. ಸೆರಗು ಸರಿಮಾಡಿಕೊಂಡು, ಬಲು ಅಕ್ಕರೆಯಿಂದ ಕೇಳಿದಳು. "ಯವ್ವಾ, ಹಾಡವ್ರು ಎಲ್ಲೀತನ ಬಂದಾರಂತ? ಯಾರರ ಒಂದ ಫೋನ್ ಹಚ್ಚಿ ಕೇಳ್ರಿ."

ಚೇಷ್ಟೆ ಮಾಡುತ್ತಿದ್ದಾಳೆಂದುಕೊಂಡಳು ರಾಜರತ್ನ. ಅಜ್ಜಿಯ ಮುಖದಲ್ಲಿ ಚೇಷ್ಟೆ ಇರಲಿಲ್ಲ. ಹಿಂದಿನಿಂದ ಒಬ್ಬ ಹಿರಿಯರು, "ದಾರ್ಯಾಗ ಇರಬೇಕು, ಬರ್ತಾರ ತಗೋ. ಪಾಪ, ಇವ್ರರ ಎಷ್ಟಂತ ಶ್ರುತಿ ಕೂಡಸ್ತಾರ" ಎಂದರು. ಯಾರೋ ಹೂಂ ಎಂದರು. ಅವಳು ದ್ಯಾಮೇಶನ ಕಡೆ ತಿರುಗಿದಳು. ಅವನು ತಬಲಾದ ಮೇಲೆ ಬಟ್ಟೆ ಹೊದಿಸುವ ನೆವದಲ್ಲಿ ತಲೆ ತಗ್ಗಿಸಿದ.

ಅಂದರೆ ಇಷ್ಟು ಹೊತ್ತೂ ಈ ಮೌನ ಕೇಳುವವರ ಮೌನವಲ್ಲ, ಕಾಯುವವರದು. ಆಲಾಪವೆಲ್ಲ ಇವರ ಪಾಲಿಗೆ ತಂತಿ ಬಿಗಿಯುವ ಕೆಲಸ. ಗತ್, ಝಾಲಾ ಎಲ್ಲ ಗಾಯಕರ ಗಾಡಿ ಬರುವ ತನಕ ಹೊತ್ತು ಕಳೆಯುವ ಉಪಾಯ. ಪೂರಿಯಾ ಧನಾಶ್ರೀ ಇವರ ತಲೆಯ ಮೇಲಿಂದ ಹಾಯ್ದುಹೋಗಿ ಕಿಟಕಿಯಿಂದ ಹೊರಗೆ ಬಿದ್ದಿತ್ತು. ಉಡಚಪ್ಪನನ್ನು ಒಂದು ಮಾತಾಡಲು ಬಿಟ್ಟಿದ್ದರೂ ಹೀಗಾಗುತ್ತಿರಲಿಲ್ಲ. ಅವನ ಬಾಯಿ ಕಟ್ಟಿದವಳು ತಾನೇ. ಅವಳಿಗೆ ಮೈ ಪರಚಿಕೊಳ್ಳುವಂತಾಯಿತು. ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯದ ಸಿಟ್ಟಿಗಿಂತ ಕೆಟ್ಟದ್ದು ಯಾವುದೂ ಇಲ್ಲ.

ಆಗ ಅಪ್ಪ ಎದ್ದ. ಗಂಡಸರ ಸಾಲು ದಾಟಿ, ತಂಬಿಗೆಯಲ್ಲಿ ನೀರು ಹಿಡಿದು, ವೇದಿಕೆಯ ಅಂಚಿಗೆ ಬಂದು ನಿಂತ. ಅವನ ಕಣ್ಣಲ್ಲಿ ಹೆಮ್ಮೆ ತುಳುಕುತ್ತಿತ್ತು.

"ನೀರ ಕುಡಿಯವ್ವಾ," ಎಂದ ಮೆಲ್ಲಗೆ. "ಹಾಡವ್ರು ಬರೋದು ತಡ ಆದ್ರೂ ನೀ ಒಬ್ಬಾಕೀನ ಎಷ್ಟೊತ್ತು ಸಂಭಾಳಿಸಿದಿ. ಒಬ್ಬರೂ ಎದ್ದ ಹೋಗಲಿಲ್ಲ ನೋಡು. ಅದಕ್ಕೂ ತಾಕತ್ ಬೇಕು."

ಮಂದಿಯ ಮಾತನ್ನು ಅವಳು ಹೇಗೋ ತಡೆದುಕೊಂಡಿದ್ದಳು. ಇದನ್ನು ತಡೆಯಲಾಗಲಿಲ್ಲ. ಕುಡಿಯದೆ ತಂಬಿಗೆಯನ್ನು ಕೈಯಲ್ಲೇ ಹಿಡಿದುಕೊಂಡಳು.

"ಹಾಡವ್ರು ಯಾರೂ ಇಲ್ಲಪ್ಪಾ," ಎಂದಳು. ದನಿ ಅವಳದೇ ಅನ್ನಿಸಲಿಲ್ಲ. "ಯಾರೂ ಬರಾಂಗಿಲ್ಲ. ಇವತ್ತ ನಂದ ಕಚೇರಿ. ನಾ ಬಾರಿಸಿದ್ನಲ್ಲ, ಅದ ಕಚೇರಿ."

ಮುದಿಯಪ್ಪ ಮಗಳ ಮುಖ ನೋಡಿದ, ದ್ಯಾಮೇಶನನ್ನು ನೋಡಿದ, ಆಮೇಲೆ ಇಬ್ಬರ ನಡುವೆ ನೋಡಿದ.

"ಮತ್ತ ಅದನ್ನ ಯಾರಿಗಂತ ಬಿಟ್ಟೀದಿ?"

ಅವಳು ತಿರುಗಿದಳು. ವೇದಿಕೆಯ ನಟ್ಟನಡುವೆ ದಪ್ಪನೆಯ ಗಾದಿ ಹಾಸಿ, ಮೇಲೆ ಬಿಳಿ ಬಟ್ಟೆ ಹೊದಿಸಿ, ಮುಂದೆ ಒಳ್ಳೆಯ ಮೈಕು ನಿಲ್ಲಿಸಿದ್ದರು. ಗಾದಿಯ ಮೇಲೆ ಒಂದು ಸುಕ್ಕೂ ಬಿದ್ದಿರಲಿಲ್ಲ. ಅದರ ಒಂದು ಪಕ್ಕ ದ್ಯಾಮೇಶ, ಇನ್ನೊಂದು ಪಕ್ಕ ಬರೀ ಜಮಖಾನೆಯ ಮೇಲೆ, ಸಾಥ್ ಮಾಡುವವರ ಜಾಗದಲ್ಲಿ ಅವಳು. ಇಲ್ಲಿ ಕೂಡು ಎಂದು ಅವಳಿಗೆ ಇವತ್ತು ಯಾರೂ ಹೇಳಿರಲಿಲ್ಲ. ಕಾಲುಗಳು ತಾವಾಗಿಯೇ ಇಲ್ಲಿಗೆ ಬಂದಿದ್ದವು. ವೇದಿಕೆಗೆ ಯಾರೂ ಹತ್ತಬಾರದೆಂದು ಊರಿಗೆಲ್ಲ ಕರಾರು ಹಾಕಿದವಳು ತಾನೇ ವೇದಿಕೆಯ ಅರ್ಧಕ್ಕೆ ಹತ್ತಿ ನಿಂತುಬಿಟ್ಟಿದ್ದಳು. ಖಾಲಿ ಗಾದಿಯ ಪಕ್ಕ ಕೂತವಳನ್ನು ನೋಡಿ ಈ ಜನ ಇನ್ನೇನು ತಿಳಿಯಬೇಕಿತ್ತು?

ಅಪ್ಪನಿಗೆ ತಂಬಿಗೆ ವಾಪಸು ಕೊಟ್ಟಳು. ಎದ್ದು, ವಾಯೋಲಿನ್ ಎತ್ತಿಕೊಂಡು, ನಡುವಿನ ಗಾದಿಯ ಮೇಲೆ ಕೂತಳು. ಅದು ಅವಳಿಗೆ ತೀರ ಮೆತ್ತಗೆನಿಸಿತು, ಕೂತದ್ದು ಸರಿಯಾಗಲಿಲ್ಲ. ಸಭೆಯಲ್ಲಿ ಒಂದು ಗಾಳಿ ಬೀಸಿದಂತಾಯಿತು. ಜನ ನೆಟ್ಟಗಾದರು. ಬಾಗಿಲ ಕಡೆಗಿದ್ದ ಮುಖಗಳೆಲ್ಲ ಇತ್ತ ತಿರುಗಿದವು. "ಓ, ಈಕೀನ ಏನ," ಎಂದಳು ಗಾಳೆವ್ವ. "ಹಂಗಾರ ಸುರು ಮಾಡವ್ವಾ, ಯಾಕ ತಡ?"

"ಮತ್ತ ಅದನ್ನ ಬಾರಸೋಣೇನು?" ದ್ಯಾಮೇಶ ಪಿಸುಗುಟ್ಟಿದ. "ಮೊದಲಿಂದ?"

ಅವಳು ಕಿಟಕಿ ನೋಡಿದಳು. ಹೊರಗೆ ಕತ್ತಲಾಗಿತ್ತು, ಯಾರೋ ಟ್ಯೂಬ್‌ಲೈಟು ಹಾಕಿದ್ದರು. ಪೂರಿಯಾ ಧನಾಶ್ರೀಯ ಹೊತ್ತು ಮುಗಿದುಹೋಗಿತ್ತು. ಈಗ ಅದನ್ನು ಬಾರಿಸುವಂತಿಲ್ಲ, ಗುರುಗಳು ಕಲಿಸಿದ ಕೈ ಅದಕ್ಕೆ ಏಳುವುದೂ ಇಲ್ಲ. ಜೀವನದಲ್ಲಿ ಮೊದಲ ಸಲ ಪೂರ್ತಿ ಬಾರಿಸಿದ ರಾಗವನ್ನು ಈ ಭವನದಲ್ಲಿ ಒಬ್ಬರೂ ಕೇಳಲಿಲ್ಲ, ಅಪ್ಪನೂ ಕೇಳಲಿಲ್ಲ. ಮೈಕಿಗೆ ಬಾಯಿ ಹಚ್ಚಿ ಎಲ್ಲರನ್ನೂ ಬೈದುಬಿಡಬೇಕೆನ್ನಿಸಿತು. ಬೈದು ಏನು ಹೇಳುವುದು?

"ಯಮನ್," ಎಂದು ಈ ಹೊತ್ತಿನ ರಾಗ ಹೇಳಿದಳು, ಹಲ್ಲು ಕಚ್ಚಿ.

ಎತ್ತಿ ಇಳಿಸಿದ್ದಕ್ಕೋ ಏನೋ ಒಂದು ತಂತಿ ಇಳಿದಿತ್ತು. ಅವಳು ಕಿವಿ ಬಗ್ಗಿಸಿ, ಬೆರಳಿನಿಂದ ಅದನ್ನು ಒಮ್ಮೆ ಮೀಟಿದಳು. ಟಿಂಯ್ ಎಂದಿತು, ಶ್ರುತಿಗೆ ಇನ್ನೂ ಕೂಡಿರಲಿಲ್ಲ.

"ವಾಹ್," ಎಂದರು ಹಿಂದಿನ ಸಾಲಿನ ಹಿರಿಯರು, ತೊಡೆ ತಟ್ಟಿಕೊಂಡು. ಹತ್ತಾರು ಜನ ತಲೆದೂಗಿದರು. ಮುದಿಯಪ್ಪ ತನ್ನ ಜಾಗಕ್ಕೆ ಹೋಗಿ ಕೂತು, ಪಕ್ಕದವನನ್ನು ಮೊಳಕೈಯಿಂದ ತಿವಿದು, "ಈಗ ಸುರು ಆತು ನೋಡ್ರಿ, ನಮ್ಮ ಮಗಳದು," ಎಂದು ಹೇಳುವುದು ವೇದಿಕೆಯ ಮೇಲೆ ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.